ಎರಡು ಸಲ ಬಿದ್ದ ಹಾಡು: ‘ಟೇಕ್ ಆನ್ ಮಿ’ ಗೆದ್ದಿದ್ದು ಹೇಗೆ?

ಒಂದು ಕೆಫೆ. ಹುಡುಗಿಯೊಬ್ಬಳು ಒಬ್ಬಳೇ ಕೂತು ಕಾಮಿಕ್ಸ್ ಓದುತ್ತಿದ್ದಾಳೆ. ಬೈಕ್ ರೇಸಿನ ಕಥೆ. ಪುಟದೊಳಗಿನ ಹುಡುಗ ಅವಳಿಗೆ ಕಣ್ಣು ಹೊಡೆಯುತ್ತಾನೆ. ಆಮೇಲೆ ಪುಟದಿಂದ ಒಂದು ಕೈ ಮೇಲೆದ್ದು ಬರುತ್ತದೆ, ಪೆನ್ಸಿಲ್ಲಿನಲ್ಲಿ ಬರೆದ ಕೈ. ಬಾ ಅಂತ ಕರೆಯುತ್ತದೆ. ಅವಳು ಹೋಗಿಯೇ ಬಿಡುತ್ತಾಳೆ.

ನಾನು ಇದನ್ನು ಮೊದಲು ನೋಡಿದ್ದು ಕೇಬಲ್ ಟಿವಿ ಬಂದ ಹೊಸತರಲ್ಲಿ, ಪಕ್ಕದ ಮನೆಯಲ್ಲಿ, ಬಾಗಿಲ ಹತ್ತಿರ ನಿಂತುಕೊಂಡು. ಹಾಡಿನ ಒಂದು ಪದವೂ ತಲೆಗೆ ಹೋಗಲಿಲ್ಲ. ಆ ಕೈ ಮಾತ್ರ ಹೋಗಿ ಕೂತುಬಿಟ್ಟಿತು. ಹಾಡಿನ ಹೆಸರು ‘ಟೇಕ್ ಆನ್ ಮಿ’, ಹಾಡಿದವರು ನಾರ್ವೆಯ ‘ಅ-ಹಾ’ ಅನ್ನೋ ಮೂವರ ತಂಡ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಈ ಹಾಡಿನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಉತ್ತರ: ವಿಡಿಯೊದಿಂದ ಹಿಟ್ ಆಯ್ತು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೂ ಮೊದಲೇ ಹಾಡಿಗೆ ಇನ್ನೊಂದು ವಿಡಿಯೊ ಇತ್ತು, ಅದನ್ನು ಯಾರೂ ತಿರುಗಿ ನೋಡಲಿಲ್ಲ. ನಾವು ಈಗ ಕೇಳುವ ರೆಕಾರ್ಡಿಂಗ್ ಕೂಡ ಹೊಸ ವಿಡಿಯೊ ಬರುವುದಕ್ಕೆ ಮುಂಚೆಯೇ ಅಂಗಡಿಗೆ ಬಂದಿತ್ತು. ಅದೂ ಮಕಾಡೆ ಮಲಗಿತ್ತು.

ಶುರುವಿನಿಂದ ನೋಡೋಣ. ಓಸ್ಲೋ ನಗರದ ಮಾಂಗ್ಲೆರುಡ್ ಅನ್ನೋ ಬಡಾವಣೆಯಲ್ಲಿ ಇಬ್ಬರು ಹುಡುಗರು. ಕೀಬೋರ್ಡಿನ ಮಾಗ್ನೆ ಫುರುಹೋಲ್ಮೆನ್, ಗಿಟಾರಿನ ಪೋಲ್ ವಾಕ್ಟಾರ್. ಇಬ್ಬರೂ ‘ಬ್ರಿಜಸ್’ ಅಂತ ಒಂದು ಬ್ಯಾಂಡ್ ಕಟ್ಟಿದ್ದರು. 1980ರಲ್ಲಿ ಒಂದು ಆಲ್ಬಮ್ ಕೂಡ ತಂದರು. ಅಮೆರಿಕದ ‘ದಿ ಡೋರ್ಸ್’ ತಂಡ ಅಂದರೆ ಅವರಿಗೆ ಪ್ರಾಣ. ಸ್ವಲ್ಪ ಗಂಭೀರ, ಸ್ವಲ್ಪ ಕತ್ತಲು ಕತ್ತಲಾದ ಸಂಗೀತ ಮಾಡಬೇಕು ಅನ್ನೋ ಹುಚ್ಚು.

ಈ ಗಂಭೀರ ಹುಡುಗರ ಕೈಗೇ ಒಂದು ಕುಣಿಯುವ ಟ್ಯೂನ್ ಸಿಕ್ಕಿಬಿಟ್ಟಿತ್ತು. ಮಾಗ್ನೆಗೆ ಆಗ ಹದಿನೈದರ ಆಸುಪಾಸು. ಇವತ್ತು ಜಗತ್ತೆಲ್ಲ ಗುನುಗುವ ಆ ಕೀಬೋರ್ಡ್ ತುಣುಕು ಹುಟ್ಟಿದ್ದು ಆಗಲೇ. ಆದರೆ ಅದನ್ನು ಏನು ಮಾಡಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ. ತೀರಾ ಪಾಪ್ ಆಯ್ತು, ಚ್ಯೂಯಿಂಗ್ ಗಮ್ ಜಾಹೀರಾತಿನ ಥರ ಇದೆ ಅಂತ ಅವರಿಗೇ ಅನ್ನಿಸಿತ್ತು. ಅದಕ್ಕೇ ಅದಕ್ಕೆ ‘ಜ್ಯೂಸಿ ಫ್ರೂಟ್ ಹಾಡು’ ಅಂತ ಅಡ್ಡಹೆಸರು. ಜ್ಯೂಸಿ ಫ್ರೂಟ್ ಅನ್ನೋದು ಒಂದು ಚ್ಯೂಯಿಂಗ್ ಗಮ್ಮಿನ ಹೆಸರು. ಆಮೇಲೆ ಅದೇ ಟ್ಯೂನ್ ‘ಮಿಸ್ ಈರಿ’ ಆಯ್ತು, ಇನ್ನೊಂದಷ್ಟು ದಿನ ‘ಲೆಸನ್ ಒನ್’ ಆಯ್ತು. ಮಗುವಿಗೆ ಹೆಸರಿಡೋಕೆ ಆಗದೆ ಪುಟ್ಟ, ಚಿನ್ನು ಅಂತ ಕರೆಯುತ್ತಾ ದಿನ ತಳ್ಳುತ್ತಾರಲ್ಲ, ಹಾಗೆ.

ಮೂರನೆಯವನಾಗಿ ಬಂದ ಮಾರ್ಟನ್ ಹಾರ್ಕೆಟ್‌ಗೆ ಆ ಟ್ಯೂನ್ ಹಿಡಿಸಿತು. ಅವನ ಗಂಟಲಿಗೆ ಒಂದು ವಿಶೇಷ ಇತ್ತು. ತಗ್ಗಿನಲ್ಲಿ ಎಷ್ಟು ಆರಾಮವಾಗಿ ಹಾಡುತ್ತಿದ್ದನೋ, ಅಷ್ಟೇ ಆರಾಮವಾಗಿ ತುತ್ತತುದಿಗೂ ಹೋಗುತ್ತಿದ್ದ. ಇಂಥ ಗಂಟಲು ಇಟ್ಟುಕೊಂಡು ಸುಮ್ನೆ ಒಂದೇ ಎತ್ತರದಲ್ಲಿ ಹಾಡಿಸೋದು ಯಾಕೆ? ಪಲ್ಲವಿಯ ರಾಗ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಹಾಗೆ ಬೆಳೆಯಿತು. ಬ್ಯಾಂಡಿನ ಹೆಸರೂ ಹೀಗೇ ಸಿಕ್ಕಿದ್ದು. ಪೋಲ್‌ನ ನೋಟ್‌ಬುಕ್ಕಿನಲ್ಲಿದ್ದ ‘ಅ-ಹಾ’ ಅನ್ನೋ ಪದ ಮಾರ್ಟನ್ ಕಣ್ಣಿಗೆ ಬಿತ್ತು. ಚಿಕ್ಕ ಪದ, ಎಷ್ಟೋ ಭಾಷೆಗಳಲ್ಲಿ ಇರುವ ಪದ. ನಮ್ಮಲ್ಲೂ ಇದೆ ಅಲ್ವಾ?

ಆಗ ಪಾಪ್ ಸಂಗೀತದಲ್ಲಿ ಏನಾದರೂ ಆಗಬೇಕು ಅಂದರೆ ಲಂಡನ್ನಿಗೆ ಹೋಗಬೇಕಿತ್ತು. 70ರ ದಶಕದ ಕೊನೆಯಲ್ಲಿ ಪಂಕ್ ಅನ್ನೋ ಒರಟು ರಾಕ್ ಸಂಗೀತದ ಅಬ್ಬರ ಇಳಿಯುತ್ತಾ ಬಂದಾಗ ಅದರ ಜಾಗಕ್ಕೆ ಬಂದಿದ್ದು ನ್ಯೂ ವೇವ್. ಗಿಟಾರಿನ ಜೊತೆಗೆ ಸಿಂಥಸೈಜರ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ಕೀಬೋರ್ಡ್, ಚಿಕ್ಕದಾಗಿ ಸಿಂಥ್), ಡ್ರಮ್ಮರ್ ಜಾಗದಲ್ಲಿ ಡ್ರಮ್ ಮೆಷಿನ್, ವಿಚಿತ್ರ ಹೇರ್‌ಸ್ಟೈಲು, ಎದ್ದು ಕಾಣುವ ಬಟ್ಟೆ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ದಿನವಿಡೀ ಹಾಡಿನ ವಿಡಿಯೊ ಹಾಕುವ ಚಾನೆಲ್ಲು. ಆದರೆ ಹಾಕೋಕೆ ವಿಡಿಯೊನೇ ಸಾಲದು! ಬ್ರಿಟನ್ನಿನ ನ್ಯೂ ವೇವ್ ತಂಡಗಳ ಹತ್ತಿರ ಇದ್ದವು. ಹಾಗಾಗಿ ಲಂಡನ್ನಿನ ಹುಡುಗರು ಅಮೆರಿಕದ ಮನೆಮನೆ ಹೊಕ್ಕರು.

ನಾರ್ವೆಯ ಈ ಮೂವರೂ ಲಂಡನ್ನಿಗೆ ಬಂದರು. ಕಿಸೆಯಲ್ಲಿ ಕಾಸು ಕಡಿಮೆ. ಡೆಮೊ, ಅಂದರೆ ಕಂಪನಿಗಳಿಗೆ ಕೇಳಿಸೋಕೆ ಮಾದರಿ ರೆಕಾರ್ಡಿಂಗ್, ಮಾಡೋಕೆ ಸ್ಟುಡಿಯೊ ಹುಡುಕಿದರು. ಅವರು ಆರಿಸಿದ್ದು ಜಾನ್ ರಾಟ್‌ಕ್ಲಿಫ್ ಅವರ ಸ್ಟುಡಿಯೊ. ಯಾಕೆ ಗೊತ್ತಾ? ಅಲ್ಲಿ ‘ಸ್ಪೇಸ್ ಇನ್ವೇಡರ್ಸ್’ ವಿಡಿಯೊ ಗೇಮ್ ಮೆಷಿನ್ ಇತ್ತು. ಪಾಪ್ ಇತಿಹಾಸದ ದೊಡ್ಡ ದೊಡ್ಡ ತಿರುವುಗಳು ಹೀಗೂ ಆಗುತ್ತವೆ. ರಾಟ್‌ಕ್ಲಿಫ್ ಇವರನ್ನು ಟೆರಿ ಸ್ಲೇಟರ್ ಅವರಿಗೆ ಪರಿಚಯಿಸಿದರು, ಇಬ್ಬರೂ ಸೇರಿ ತಂಡದ ಮ್ಯಾನೇಜರ್‌ಗಳಾದರು. 1983ರ ಕೊನೆಗೆ ವಾರ್ನರ್ ಬ್ರದರ್ಸ್ ರೆಕಾರ್ಡ್ ಕಂಪನಿ ಜೊತೆ ಕರಾರು ಆಯ್ತು.

ಮೊದಲ ರೆಕಾರ್ಡಿಂಗ್ ಮಾಡಿಸಿದ್ದು ನಿರ್ಮಾಪಕ ಟೋನಿ ಮ್ಯಾನ್ಸ್‌ಫೀಲ್ಡ್. ಫೇರ್‌ಲೈಟ್ ಅನ್ನೋ ಕಂಪ್ಯೂಟರ್ ವಾದ್ಯದಲ್ಲಿ ಪಳಗಿದ ಕೈ. ಹೊರಗಿನ ಯಾವ ಸದ್ದನ್ನಾದರೂ ರೆಕಾರ್ಡ್ ಮಾಡಿಕೊಂಡು ಕೀಲಿಮಣೆಯಲ್ಲಿ ನುಡಿಸಬಹುದಾದ, ಆ ಕಾಲಕ್ಕೆ ವಿಪರೀತ ದುಬಾರಿಯಾದ ಯಂತ್ರ ಅದು. 1984ರ ಅಕ್ಟೋಬರಿನಲ್ಲಿ ಹಾಡು ಬಂತು. ತಂಡ ನೀಲಿ ಹಿನ್ನೆಲೆಯ ಮುಂದೆ ನಿಂತು ಹಾಡುವ ಒಂದು ಸಾದಾ ವಿಡಿಯೊ ಕೂಡ ಬಂತು. ನಾರ್ವೆಯ ಹಿಟ್ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು, ಊರಿನ ಹುಡುಗರಲ್ವಾ. ಬ್ರಿಟನ್ನಿನಲ್ಲಿ 137. ಅಂದರೆ ಯಾರೂ ಕೇಳಲೇ ಇಲ್ಲ ಅಂತ ಅರ್ಥ.

ಆ ರೆಕಾರ್ಡಿಂಗ್ ಈಗಲೂ ಸಿಗುತ್ತದೆ, ಒಮ್ಮೆ ಕೇಳಿ. ಅದೇ ಟ್ಯೂನು, ಅದೇ ಗಂಟಲು. ಆದರೂ ಏನೋ ಬಿಗಿ. ನನ್ನ ಕಿವಿಗೆ ಅದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಗೊಂಬೆಯ ಹಾಗೆ. ನೋಡಬಹುದು, ಮುಟ್ಟೋಕೆ ಆಗಲ್ಲ. ತಂಡಕ್ಕೂ ಅದು ತಾವು ಅಂದುಕೊಂಡ ಹಾಗೆ ಬಂದಿಲ್ಲ ಅನ್ನಿಸಿತ್ತು.

ಒಂದು ಸಲ ಬಿದ್ದ ಹಾಡನ್ನು ಕಂಪನಿಗಳು ಸಾಮಾನ್ಯವಾಗಿ ಮರೆತುಬಿಡುತ್ತವೆ. ಇಲ್ಲಿ ಹಾಗಾಗಲಿಲ್ಲ. ವಾರ್ನರ್‌ನ ಆಂಡ್ರೂ ವಿಕಮ್ ಅನ್ನೋ ಅಧಿಕಾರಿಗೆ ಈ ಹುಡುಗರ ಮೇಲೆ ನಂಬಿಕೆ ಇತ್ತು. ಅಮೆರಿಕದ ಮುಖ್ಯ ಕಚೇರಿ ದುಡ್ಡು ಹಾಕಿ ಇನ್ನೊಮ್ಮೆ ರೆಕಾರ್ಡ್ ಮಾಡೋಕೆ ಒಪ್ಪಿತು. ಸ್ಲೇಟರ್ ಈ ಸಲ ಹಿಡಿದು ತಂದಿದ್ದು ಆಲನ್ ಟಾರ್ನಿಯನ್ನು. ಬ್ರಿಟನ್ನಿನ ಗಾಯಕ ಕ್ಲಿಫ್ ರಿಚರ್ಡ್‌ಗೆ 1979ರಲ್ಲಿ ನಂಬರ್ 1 ಹಾಡು ಬರೆದುಕೊಟ್ಟಿದ್ದ ಮನುಷ್ಯ.

ಟಾರ್ನಿ ಮಾಡಿದ್ದೇ ಇವತ್ತು ನಾವು ಕೇಳುವ ಹಾಡು. ಲಿನ್‌ಡ್ರಮ್ ಮೆಷಿನ್ನಿನ ಗಡಗಡ ಓಟದಿಂದ ಶುರು, ಅದರ ಮೇಲೆ ರೋಲೆಂಡ್ ಜುನೊ-60 ಸಿಂಥ್. ಎಲ್ಲ ಹಗುರ, ಎಲ್ಲದರಲ್ಲೂ ಗಾಳಿ ಆಡುತ್ತದೆ. ಇನ್ನು ಪಲ್ಲವಿ. ಇದನ್ನು ನಮ್ಮ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ‘ಎ’ ಸ್ವರವನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಪಲ್ಲವಿಯ ಮೊದಲ ಪದ ಮಂದ್ರ ಷಡ್ಜದಲ್ಲಿ, ಗಂಡಸು ಮಾತಾಡುವಷ್ಟು ಕೆಳಗೆ. ಅಲ್ಲಿಂದ ಸಾಲು ಸಾಲಿಗೂ ಹತ್ತುತ್ತಾ ಹತ್ತುತ್ತಾ ಕೊನೆಗೆ ತಾರ ಪಂಚಮಕ್ಕೆ ಹೋಗಿ ಮುಟ್ಟುತ್ತದೆ. ಎರಡೂವರೆ ಸ್ಥಾಯಿ! ಕೊನೆಯ ಹಂತದಲ್ಲಿ ಹಾರ್ಕೆಟ್ ತುಂಬುದನಿ ಬಿಟ್ಟು ಕಳ್ಳದನಿಗೆ ಜಾರುತ್ತಾನೆ, ಆದರೆ ಜಾರಿದ್ದು ಗೊತ್ತೇ ಆಗಲ್ಲ. ಸ್ನೇಹಿತರ ಮದುವೆಯ ಆರ್ಕೆಸ್ಟ್ರಾದಲ್ಲಿ ನಾನೂ ಒಮ್ಮೆ ಧೈರ್ಯ ಮಾಡಿದ್ದೆ. ಮಧ್ಯ ಸ್ಥಾಯಿ ದಾಟುವಷ್ಟರಲ್ಲಿ ಮೈಕು ಪಕ್ಕದವನ ಕೈ ಸೇರಿತ್ತು.

ಹಾಡಿನ ಹೆಸರೂ ಸ್ವಲ್ಪ ಸೊಟ್ಟ. ಇಂಗ್ಲಿಷ್ ಮನೆಮಾತಾದವರು ‘ಟೇಕ್ ಮಿ ಆನ್’ ಅನ್ನುತ್ತಾರೆ, ಪದ ಹೀಗೆ ಹಿಂದುಮುಂದು ಮಾಡಲ್ಲ. ನಾರ್ವೆಯ ಹುಡುಗರಿಗೆ ಅದು ಕಲಿತ ಭಾಷೆ. ಆ ಸೊಟ್ಟತನವೇ ಕಿವಿಗೆ ಸಿಕ್ಕಿಕೊಳ್ಳುತ್ತದೆ. ತಿದ್ದಿದ್ದರೆ ಹಾಳಾಗುತ್ತಿತ್ತು ಅಂತ ನನ್ನ ನಂಬಿಕೆ.

ಇಷ್ಟೆಲ್ಲ ಆಗಿ, ಹೊಸ ರೆಕಾರ್ಡ್ ಬ್ರಿಟನ್ನಿನಲ್ಲಿ ಬಂತು. ಲಂಡನ್ ಕಚೇರಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ಬಿತ್ತು.

ವಿಡಿಯೊದ ಕಥೆ ಶುರುವಾಗೋದೇ ಈಗ. ವಾರ್ನರ್‌ನಲ್ಲಿ ಜೆಫ್ ಅಯೆರಾಫ್ ಅಂತ ಒಬ್ಬರಿದ್ದರು, ಕಣ್ಣಿಗೆ ಕಾಣುವ ಕೆಲಸವೆಲ್ಲ ಅವರ ಜವಾಬ್ದಾರಿ. ಮೈಕೆಲ್ ಪ್ಯಾಟರ್ಸನ್ ಅನ್ನೋ ಯುವಕ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಕಮ್ಯೂಟರ್’ ಅನ್ನೋ ಪೆನ್ಸಿಲ್ ಅನಿಮೇಶನ್ ಕಿರುಚಿತ್ರ ಅವರಿಗೆ ಗೊತ್ತಿತ್ತು. ಅದೇ ಶೈಲಿಯಲ್ಲಿ ವಿಡಿಯೊ ಮಾಡಿಸೋಣ ಅಂತ ತೀರ್ಮಾನವಾಯಿತು. ನಿರ್ದೇಶಕ ಸ್ಟೀವ್ ಬ್ಯಾರನ್, ಮೈಕೆಲ್ ಜಾಕ್ಸನ್ನನ ‘ಬಿಲ್ಲಿ ಜೀನ್’ ವಿಡಿಯೊ ಮಾಡಿದವರು. ಚಿತ್ರ ಬರೆಯೋಕೆ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್.

ಕೆಲಸದ ವಿಧಾನಕ್ಕೆ ರೋಟೊಸ್ಕೋಪಿಂಗ್ ಅಂತ ಹೆಸರು. ಹೊಸದೇನಲ್ಲ, 20ನೇ ಶತಮಾನದ ಶುರುವಿನ ತಂತ್ರ. ಮೊದಲು ನಿಜವಾದ ನಟರನ್ನಿಟ್ಟು ಶೂಟಿಂಗ್ ಮಾಡುತ್ತಾರೆ. ಆಮೇಲೆ ಆ ಫಿಲಂನ ಒಂದೊಂದು ಫ್ರೇಮನ್ನೂ ಕೆಳಗಿಟ್ಟು, ಮೇಲೆ ಹಾಳೆ ಇಟ್ಟು, ಗೆರೆ ಎಳೆಯುತ್ತಾರೆ. ಸ್ಕೂಲಿನಲ್ಲಿ ಕಿಟಕಿ ಗಾಜಿಗೆ ನಕ್ಷೆ ಒತ್ತಿಹಿಡಿದು ಟ್ರೇಸ್ ಮಾಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ. ಹೀಗೆ ಸುಮಾರು 3,000 ಫ್ರೇಮ್ ಬರೆದರು, 16 ವಾರ ಹಿಡಿಯಿತು. ಒಂದು ದಿನವೂ ರಜೆ ಇಲ್ಲ ಅಂತ ಲೆಕ್ಕ ಹಾಕಿದರೂ ದಿನಕ್ಕೆ 26-27 ಚಿತ್ರ. ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯೋದರಿಂದ ಗೆರೆ ಎರಡು ಸಲ ಒಂದೇ ಜಾಗಕ್ಕೆ ಬೀಳಲ್ಲ. ವಿಡಿಯೊದಲ್ಲಿ ಹಾರ್ಕೆಟ್‌ನ ಕೂದಲು, ಅಂಗಿಯ ಅಂಚು ನಿಂತಲ್ಲೇ ಸಣ್ಣಗೆ ನಡುಗುತ್ತಿರೋದನ್ನು ಗಮನಿಸಿ. ನಡುಕಕ್ಕೆ ಕಾರಣ ಇದು. ಅದಕ್ಕೇ ಆ ಪೆನ್ಸಿಲ್ ಹುಡುಗ ಉಸಿರಾಡುತ್ತಿದ್ದಾನೆ ಅನ್ನಿಸೋದು.

ಕೆಫೆಯ ಹುಡುಗಿ ಬಂಟಿ ಬೈಲಿ. ಅವಳು ಪುಟದೊಳಗೆ ಹೋದಮೇಲೆ ನಡೆಯುವ ಒಂದು ಸಣ್ಣ ಘಟನೆ ನನಗೆ ತುಂಬಾ ಇಷ್ಟ. ಬಿಲ್ ತಂದ ಪರಿಚಾರಕಿ ನೋಡುತ್ತಾಳೆ, ಕುರ್ಚಿ ಖಾಲಿ. ದುಡ್ಡು ಕೊಡದೆ ಓಡಿಹೋದಳು ಅಂದುಕೊಂಡು ಸಿಟ್ಟಿನಲ್ಲಿ ಕಾಮಿಕ್ಸನ್ನು ಮುದುಡಿ ಕಸದ ಡಬ್ಬಿಗೆ ಎಸೆಯುತ್ತಾಳೆ. ಒಳಗೆ ಪ್ರೇಮಕಥೆ ನಡೀತಿದೆ, ಹೊರಗೆ ಕಾಫಿ ಬಿಲ್ಲಿನ ಜಗಳ! ಕಸದ ಡಬ್ಬಿಗೆ ಬಿದ್ದಮೇಲೆ ಚಿತ್ರಲೋಕದಲ್ಲಿ ವಿಲನ್‌ಗಳು ಸ್ಪ್ಯಾನರ್ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಹುಡುಗ ಕಾಗದದ ಗೋಡೆ ಹರಿದು ಅವಳನ್ನು ಹೊರಗೆ ಕಳಿಸುತ್ತಾನೆ. ಕೊನೆಗೆ ಅವಳ ಮನೆಯ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತಾ, ಒಂದು ಕ್ಷಣ ಪೆನ್ಸಿಲ್ಲು, ಒಂದು ಕ್ಷಣ ಮಾಂಸ. ಹಾಗೆ ಹೊಡೆದುಕೊಳ್ಳುತ್ತಲೇ ಮನುಷ್ಯನಾಗುತ್ತಾನೆ.

ಅಮೆರಿಕದಲ್ಲಿ ಮೊದಲು ವಿಡಿಯೊ ಬಿಟ್ಟರು. ರೆಕಾರ್ಡ್ ಅಂಗಡಿಗೆ ಬಂದಿದ್ದು ಸುಮಾರು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ಜನ ಕಾದು ಕೂತಿದ್ದರು. 1985ರ ಅಕ್ಟೋಬರ್ 19ರ ವಾರ ಹಾಡು ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೆ ಬಂತು. ಆ ಜಾಗಕ್ಕೆ ಬಂದ ನಾರ್ವೆಯ ಮೊದಲ ತಂಡ. ಒಂದೇ ವಾರ, ಮುಂದಿನ ವಾರ ವಿಟ್ನಿ ಹ್ಯೂಸ್ಟನ್ ಬಂದು ಕೂತರು. ಎರಡು ಸಲ ಮುಖ ತಿರುಗಿಸಿದ್ದ ಬ್ರಿಟನ್ನಿನಲ್ಲೂ ಈಗ 2ನೇ ಸ್ಥಾನ. ಅಲ್ಲಿ ನಂಬರ್ 1 ತಪ್ಪಿಸಿದ್ದು ಜೆನಿಫರ್ ರಶ್ ಅವರ ‘ದಿ ಪವರ್ ಆಫ್ ಲವ್’. 1986ರ ಎಂಟಿವಿ ಪ್ರಶಸ್ತಿಗಳಲ್ಲಿ ಈ ವಿಡಿಯೊಗೆ ಆರು ಬಂದವು. ‘ವರ್ಷದ ವಿಡಿಯೊ’ ಮಾತ್ರ ಡೈರ್ ಸ್ಟ್ರೇಟ್ಸ್ ತಂಡದ ‘ಮನಿ ಫಾರ್ ನಥಿಂಗ್’ಗೆ ಹೋಯಿತು. ಅದರ ನಿರ್ದೇಶಕ ಯಾರು? ಇದೇ ಸ್ಟೀವ್ ಬ್ಯಾರನ್. ಸೋತರೂ ಗೆದ್ದರೂ ಮನೆಯೊಳಗೇ.

ಹಾಗಾದರೆ ಹಾಡನ್ನು ಗೆಲ್ಲಿಸಿದ್ದು ಯಾರು? ಹಳೇ ರೆಕಾರ್ಡಿಂಗಿಗೆ ಈ ಪೆನ್ಸಿಲ್ ವಿಡಿಯೊ ಹಚ್ಚಿದ್ದರೆ ಜನ ಒಮ್ಮೆ ನೋಡಿ, ಚೆನ್ನಾಗಿದೆ ಅಂದು ಮುಂದೆ ಹೋಗುತ್ತಿದ್ದರು ಅಂತ ನನಗನ್ನಿಸುತ್ತದೆ. ಟಾರ್ನಿಯ ರೆಕಾರ್ಡಿಂಗ್ ಒಂದೇ ಏನು ಮಾಡಿತು ಅನ್ನೋದು ಕಣ್ಣೆದುರಿಗೇ ಇದೆ. ಎರಡೂ ಸೇರಬೇಕಿತ್ತು. ಸೇರೋ ತನಕ ದುಡ್ಡು ಸುರಿಯೋಕೆ ಕಚೇರಿಯಲ್ಲಿ ಒಬ್ಬ ಹಟಮಾರಿ ಬೇಕಿತ್ತು. ಹಾರ್ಕೆಟ್‌ನ ಮುಖ ಎಲ್ಲರಿಗೂ ಗೊತ್ತು, ಬ್ಯಾರನ್ ಹೆಸರು ಸಿನಿಮಾದವರಿಗೆ ಗೊತ್ತು. ಆಂಡ್ರೂ ವಿಕಮ್ ಹೆಸರು ಕೇಳಿದವರು ಎಷ್ಟು ಜನ?

ಗೆಲುವಿನ ಜೊತೆ ತಲೆನೋವೂ ಬಂತು. ಗಂಭೀರ ಸಂಗೀತ ಮಾಡಬೇಕು ಅಂತ ಹೊರಟಿದ್ದವರು ಹದಿಹರೆಯದ ಹುಡುಗಿಯರ ಗೋಡೆಯ ಪೋಸ್ಟರ್ ಆದರು. ಮುಂದಿನ ಹಾಡಿನ ವಿಡಿಯೊ ಶುರುವಾಗೋದೇ ಹಿಂದಿನ ಕಥೆ ಮುರಿದುಬೀಳುವುದರಿಂದ. ಹುಡುಗ ಮತ್ತೆ ಪೆನ್ಸಿಲ್ ಗೆರೆಯಾಗಿ ಓಡಿಹೋಗುತ್ತಾನೆ. ಆ ಹಾಡು 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ನಂಬರ್ 1 ಆಯಿತು. ಆದರೂ ಇವತ್ತಿಗೂ ಜನ ಕೇಳೋದು ಮೊದಲನೆಯದನ್ನೇ. 2020ರ ಫೆಬ್ರವರಿಯಲ್ಲಿ ಆ ಪೆನ್ಸಿಲ್ ವಿಡಿಯೊ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿತು.

2017ರಲ್ಲಿ ಮೂವರೂ ನಾರ್ವೆಯ ಗಿಸ್ಕೆ ದ್ವೀಪದಲ್ಲಿ ಎಲೆಕ್ಟ್ರಾನಿಕ್ ಅಬ್ಬರ ಬಿಟ್ಟು ಹಾಡುವ ‘ಎಂಟಿವಿ ಅನ್‌ಪ್ಲಗ್ಡ್’ ಕಾರ್ಯಕ್ರಮಕ್ಕಾಗಿ ಈ ಹಾಡನ್ನು ಮತ್ತೆ ಹಾಡಿದರು. ಸಿಂಥ್ ಇಲ್ಲ, ಡ್ರಮ್ ಮೆಷಿನ್ನಿನ ಓಟ ಇಲ್ಲ. ವೇಗವನ್ನು ಎಷ್ಟು ಇಳಿಸಿದ್ದಾರೆ ಅಂದರೆ ಮೊದಲ ಸಾಲು ಬರುವವರೆಗೆ ಯಾವ ಹಾಡು ಅಂತ ಗೊತ್ತಾಗೋದೇ ಕಷ್ಟ. ಅವತ್ತು ಜಾಹೀರಾತಿನ ಥರ ಕುಣಿಯುತ್ತಿದ್ದ ಟ್ಯೂನು ಇಲ್ಲಿ ವಿದಾಯದ ಹಾಡಿನ ಹಾಗೆ ಕೇಳುತ್ತದೆ. ಹಾರ್ಕೆಟ್‌ಗೆ ಆಗ 57 ವರ್ಷ. ಪಲ್ಲವಿ ಬಂತು, ಕೆಳಗಿನ ಷಡ್ಜದಿಂದ ಒಂದೊಂದೇ ಮೆಟ್ಟಿಲು ಹತ್ತಿದರು. ತುದಿಗೆ ಬಂದಾಗ ಕಿರುಚಲಿಲ್ಲ. ಪಿಸುಮಾತಿಗಿಂತ ಸ್ವಲ್ಪ ಜೋರಾಗಿ ಆ ಸ್ವರವನ್ನು ಮುಟ್ಟಿ, ಬಿಟ್ಟುಬಿಟ್ಟರು.