ಬಣ್ಣಕ್ಕೆ ಮೊದಲು ನೆರಳು: ದೊಡ್ಡವರಾದ ಮೇಲೆ ಚಿತ್ರ ಕಲಿಯುವವರಿಗೆ ಟಿಪ್ಪಣಿ

ನಲವತ್ತು ದಾಟಿದ ಮೇಲೆ ಪೆನ್ಸಿಲ್ ಹಿಡಿದವರು ಸಾಮಾನ್ಯವಾಗಿ ಹೇಳುವ ಮಾತು, "ನನ್ನ ಕೈ ಓಡಲ್ಲ." ಕೈಗೆ ಏನೂ ಆಗಿರುವುದಿಲ್ಲ. ಅದೇ ಕೈಯಲ್ಲಿ ರಂಗೋಲಿ ಎಳೆಯುತ್ತೇವೆ, ಸಹಿ ಹಾಕುತ್ತೇವೆ. ತೊಂದರೆ ಇರುವುದು ನೋಡುವುದರಲ್ಲಿ. ಎದುರಿಗಿರುವ ಬದನೆಕಾಯಿ ಬಿಟ್ಟು, ತಲೆಯೊಳಗಿರುವ ಬದನೆಕಾಯಿ ಬರೆದುಬಿಡುತ್ತೇವೆ.

ಸಾಮಾನು ಜಾಸ್ತಿ ಬೇಡ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್, ಒಂದು ರಬ್ಬರ್, ಕಾರ್ಟ್ರಿಡ್ಜ್ ಹಾಳೆಯ (ಚಿತ್ರ ಬರೆಯುವ ದಪ್ಪ ಹಾಳೆ) ಪುಸ್ತಕ. ಬಿ ಜೊತೆಗಿರುವ ಅಂಕಿ ಏರಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪಗೆ. ದೊಡ್ಡ ಬಣ್ಣದ ಡಬ್ಬಿಯ ಆಸೆಯನ್ನು ಸದ್ಯಕ್ಕೆ ಮುಂದೂಡಿ.

ಮೊದಲು ಸಾಲಾಗಿ ಐದು ಚೌಕದ ಮನೆ ಬರೆದುಕೊಳ್ಳಿ. ಒಂದನೆಯದು ಹಾಳೆಯ ಬಿಳುಪು, ಐದನೆಯದು 6ಬಿ ಕೊಡುವ ಕಡುಗಪ್ಪು. ನಡುವಿನ ಮೂರನ್ನು ಸಮನಾಗಿ ಏರುವಂತೆ ತುಂಬಿ. ನೋಡಲು ಸುಲಭ, ಕೂತರೆ ಗೊತ್ತಾಗುತ್ತದೆ. ಹೊಸಬರು ಕಪ್ಪಿಗೆ ಹೆದರುತ್ತಾರೆ, ಹಾಗಾಗಿ ಇಡೀ ಚಿತ್ರ ಎರಡು ಮೂರನೇ ಮನೆಯಲ್ಲೇ ಬೂದಿಬೂದಿಯಾಗಿ ಉಳಿಯುತ್ತದೆ.

ಈಗ ಬದನೆಕಾಯಿ. ನಮ್ಮ ಮೈಸೂರಿನ ಹಸಿರು ಈರನಗೆರೆ ಬದನೆ ಇದಕ್ಕೆ ಹೇಳಿಮಾಡಿಸಿದ್ದು, ಸಿಪ್ಪೆ ಹೊಳೆಯುತ್ತದೆ, ಮೈ ದುಂಡಗೆ. ಕಿಟಕಿಯ ಪಕ್ಕ ಬಿಳಿ ಹಾಳೆಯ ಮೇಲಿಡಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಬೆಳಕು ಒಂದೇ ಕಡೆಯಿಂದ ಬರಲಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಮಾಯವಾಗಿ ಬೆಳಕು ಒಂದು ತುಂಡು, ನೆರಳು ಒಂದು ತುಂಡು ಕಾಣುತ್ತದೆ. ಮೊದಲು ಆ ಎರಡು ತುಂಡಿನ ಗಡಿ ಗುರುತು ಮಾಡಿ.

ಆಮೇಲೆ ಒಳಗಿನ ಮಜ ನೋಡಿ. ಕಿಟಕಿ ನೇರವಾಗಿ ಮಿನುಗುವ ಚುಕ್ಕಿ ಹೈಲೈಟ್, ಅಲ್ಲಿ ಪೆನ್ಸಿಲ್ ತಾಗಿಸಲೇಬೇಡಿ. ಕಾಯಿಯ ಮೈ ಬೆಳಕಿನಿಂದ ತಿರುಗುತ್ತಾ ಹೋಗಿ ಒಂದು ಕಡೆ ಕಪ್ಪು ಪಟ್ಟಿಯಾಗುತ್ತದೆ. ಅಚ್ಚರಿ ಅಂದ್ರೆ, ಅದರಾಚೆ ತಳದ ಅಂಚಿನಲ್ಲಿ ಮತ್ತೆ ಸ್ವಲ್ಪ ತಿಳಿ. ಕೆಳಗಿನ ಬಿಳಿ ಹಾಳೆಗೆ ಬಿದ್ದ ಬೆಳಕು ಪುಟಿದು ಕಾಯಿಗೆ ತಾಗಿರುತ್ತದೆ. ಈ ತಿಳಿ ಪಟ್ಟಿ ಬಿಟ್ಟರೆ ಕಾಯಿ ಚಪ್ಪಟೆ. ಆದರೆ ಅದು ನೆರಳಿನೊಳಗಿನ ಬೆಳಕು, ಕಿಟಕಿ ಕಡೆಯ ಮೈಗಿಂತ ಬಿಳುಪಾಗಬಾರದು. ಹಾಳೆಯ ಮೇಲೆ ಬಿದ್ದ ನೆರಳು ಕಾಯಿ ತಾಗುವ ಜಾಗದಲ್ಲಿ ಅತಿ ಕಪ್ಪು, ಅಂಚೂ ಚೂಪು. ದೂರ ಹೋದಂತೆ ಅಂಚು ಕರಗುತ್ತದೆ.

ಇಷ್ಟು ಕಣ್ಣಿಗೆ ಹತ್ತಿದ ಮೇಲೆ ಜಗನ್ಮೋಹನ ಅರಮನೆಗೆ ಹೋಗಿ. 1861ರ ಕಟ್ಟಡ, 1915ರಿಂದ ಚಿತ್ರಶಾಲೆ. ರಾಜಾ ರವಿವರ್ಮನ ಚಿತ್ರಗಳ ಮುಂದೆ ಸೀರೆಯ ಜರಿ ನೋಡುತ್ತಾ ನಿಲ್ಲುವುದು ಇದ್ದದ್ದೇ. ನಿಮಗೆ ಪಾಠ ಸಿಗುವುದು ದೀಪ ಹಿಡಿದ ಹೆಂಗಸಿನ ಚಿತ್ರದಲ್ಲಿ. ಇದೂ ರವಿವರ್ಮನದೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಬರೆದವರು ಎಸ್. ಎಲ್. ಹಲ್ದಣಕರ್. ಅದೂ ಜಲವರ್ಣದಲ್ಲಿ! ದೀಪಕ್ಕೆ ಅಡ್ಡ ಹಿಡಿದ ಬೆರಳು ಕೆಂಪಗೆ ಹೊಳೆಯುತ್ತದೆ, ಮುಖಕ್ಕೆ ಬೆಳಕು ಕೆಳಗಿನಿಂದ. ಹಾಳೆಯ ಬಿಳುಪಿಗಿಂತ ಬಿಳಿಯಾದ ಬಣ್ಣ ಯಾರ ಹತ್ತಿರವೂ ಇಲ್ಲ. ಸುತ್ತಲ ಕತ್ತಲೆ ಗಾಢವಾಗಿರುವುದಕ್ಕೇ ಆ ಬೆಳಕು ನಮ್ಮ ಕಣ್ಣಿಗೆ ಉರಿಯುವಂತೆ ಕಾಣುವುದು. ಚಿತ್ರದ ಮುಂದೆಯೂ ಕಣ್ಣು ಅರ್ಧ ಮುಚ್ಚಿ, ಐದು ಮನೆಯಲ್ಲಿ ಯಾವ ಯಾವುದು ಎಲ್ಲೆಲ್ಲಿದೆ ಅಂತ ಹುಡುಕಿ.

ಜಲವರ್ಣಕ್ಕೆ ಕೈ ಹಾಕುವಾಗ ಲೆಕ್ಕ ಇನ್ನೂ ಬಿಗಿ. ಇಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು, ಬಿಳಿ ಬೇಕಾದ ಜಾಗವನ್ನು ಮೊದಲೇ ಬಿಡಬೇಕು. ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಒದ್ದೆಯಿದ್ದಾಗ ಸ್ವಲ್ಪ ಜಾಸ್ತಿ ಅನಿಸುವಷ್ಟೇ ಹಾಕಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ಕೊಂಚ ದುಬಾರಿ, ಆದರೆ ತೆಳು ಹಾಳೆಯಷ್ಟು ಸುಕ್ಕುಗಟ್ಟುವುದಿಲ್ಲ. ನೆರಳಿಗೆ ಡಬ್ಬಿಯ ಕಪ್ಪು ಬೇಡ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ. ಜೀವವಿರುವ ಕಪ್ಪು ಬರುತ್ತದೆ.

ಹೊರಗೆ ಕೂತು ಬರೆಯುವ ಆಸೆ ಇದ್ದರೆ ಕುಕ್ಕರಹಳ್ಳಿ ಕೆರೆ ಏರಿ ಇದೆಯಲ್ಲ. ಬೆಳಗಿನ ಬಿಸಿಲಲ್ಲಿ ಮರಗಳ ನೆರಳು ಉದ್ದಕ್ಕೆ ಚಾಚಿರುತ್ತದೆ. ಎಲೆ ಎಣಿಸಲು ಹೋಗಬೇಡಿ. ಕೂತ ಕೂಡಲೇ ನೆರಳಿನ ಗಡಿ ಗುರುತಿಸಿ, ಯಾಕೆಂದರೆ ಬಿಸಿಲು ಕಾಯುವುದಿಲ್ಲ. ಅರ್ಧ ಗಂಟೆಯಲ್ಲಿ ನೆರಳು ಸರಿದರೂ ಹಾಳೆಯ ಮೇಲಿನದನ್ನು ತಿದ್ದಬೇಡಿ, ಮೊದಲು ಗುರುತಿಸಿದ್ದನ್ನೇ ತುಂಬಿ.