ಹಳೆಯ ಆಟಗಳ ಪುಟ್ಟ ಕಂಪ್ಯೂಟರ್: ಮೆಮೊರಿ ಎಷ್ಟು, ತಂಪು ಎಷ್ಟು?

ರಾಸ್ಪ್‌ಬೆರಿ ಪೈ 4ರಂಥ ಅಂಗೈಯಗಲದ ಬೋರ್ಡಿನಲ್ಲಿ ಹಳೆಯ ವಿಡಿಯೋ ಗೇಮ್‌ಗಳನ್ನು ಆಡಲು ಹೊರಟವರೆಲ್ಲ ಎಷ್ಟು ಜಿಬಿ ಮೆಮೊರಿ ಬೇಕೆಂದು ಮೊದಲು ಕೇಳುತ್ತಾರೆ. ಕಾರವಾರದಲ್ಲಿರುವವರು ಮೊದಲು ಕೇಳಬೇಕಾದದ್ದು ಗಾಳಿಯ ವಿಚಾರ. ಆದರೂ ಮೆಮೊರಿಯ ಲೆಕ್ಕ ಬೇಗ ಮುಗಿಯುವಂಥದ್ದು, ಅದನ್ನೇ ಮುಗಿಸಿಬಿಡೋಣ.

1983ರ ನಿಂಟೆಂಡೊ ಫ್ಯಾಮಿಕಾಮ್ ಎಂಬ ಆಟದ ಯಂತ್ರದಲ್ಲಿದ್ದ ಮುಖ್ಯ ಮೆಮೊರಿ 2 ಕಿಲೋಬೈಟ್. 1990ರ ಸೂಪರ್ ಫ್ಯಾಮಿಕಾಮ್‌ಗೆ 128 ಕಿಲೋಬೈಟ್. 1994ರ ಪ್ಲೇಸ್ಟೇಷನ್ ಬರುವ ಹೊತ್ತಿಗೂ 2 ಮೆಗಾಬೈಟ್, ಚಿತ್ರಕ್ಕೆಂದು ಬೇರೆ 1 ಮೆಗಾಬೈಟ್, ಅಷ್ಟೇ. ಇವುಗಳನ್ನು ಅನುಕರಿಸುವ ಎಮ್ಯುಲೇಟರ್‌ಗೆ, ಅದರಡಿಯ ಲಿನಕ್ಸ್‌ಗೆ, ಚಿತ್ರ ಮೂಡಿಸುವ ಭಾಗಕ್ಕೆ ಎಲ್ಲ ಸೇರಿಸಿದರೂ 2 ಜಿಬಿ ಧಾರಾಳವಾಯಿತು. ಪ್ಲೇಸ್ಟೇಷನ್‌ನ ಒಂದು ಸಿಡಿ, ಅಂದರೆ ಸುಮಾರು 700 ಮೆಗಾಬೈಟ್, ಇಡಿಯಾಗಿ ಮೆಮೊರಿಗೆ ಏರಿಸಿದರೂ ಜಾಗ ಉಳಿಯುತ್ತದೆ. ಅದೇ ಬೋರ್ಡಿನಲ್ಲಿ ಬ್ರೌಸರ್ ತೆರೆದು ಕೆಲಸವನ್ನೂ ಮಾಡುತ್ತೇನೆನ್ನುವವರು ಮಾತ್ರ 4 ಜಿಬಿ ಕೊಳ್ಳಲಿ. ಮೆಮೊರಿ ಚಿಪ್ಪನ್ನು ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಆ ಭಯಕ್ಕೇ ಜನ 8 ಜಿಬಿ ಕೊಳ್ಳುತ್ತಾರೆ, ನಾನೂ ಕೊಂಡೆ. ಅದರ ಮುಕ್ಕಾಲು ಪಾಲು ಇಂದಿಗೂ ಖಾಲಿ ಕೂತಿದೆ.

ಎಮ್ಯುಲೇಟರ್‌ಗೆ ನಿಜವಾಗಿ ಬೇಕಾದದ್ದು ಸಮಯ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಹಳೆಯ ಯಂತ್ರದ ಪ್ರತಿಯೊಂದು ಹೆಜ್ಜೆಯನ್ನೂ ನಟಿಸಿ ಮುಗಿಸಬೇಕು. ತಡವಾದರೆ ಮೊದಲು ಕೆಡುವುದು ಧ್ವನಿ: ಸಂಗೀತ ಚರಚರ ಎನ್ನತೊಡಗುತ್ತದೆ, ಚಿತ್ರ ಜಗ್ಗುವುದು ಆಮೇಲೆ. ಪೈ 4ರ ಮುಖ್ಯ ಚಿಪ್ 80 ಡಿಗ್ರಿ ತಲುಪಿತೆಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಚರಚರ ಶುರುವಾಗುವುದು ಆಗಲೇ.

ಇಲ್ಲಿ ಊರು ಲೆಕ್ಕಕ್ಕೆ ಬರುತ್ತದೆ. ಹೀಟ್‌ಸಿಂಕ್, ಅಂದರೆ ಚಿಪ್ಪಿನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು, ಚಿಪ್ಪನ್ನು ಕೋಣೆಗಿಂತ ತಂಪಾಗಿಸಲಾರದು. ಕೋಣೆಯ ಉಷ್ಣತೆಯ ಮೇಲೆ ಎಷ್ಟು ಏರಬೇಕೆಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಏರಿಕೆ 45 ಡಿಗ್ರಿ ಎಂದಿಟ್ಟುಕೊಳ್ಳಿ. ಡಿಸೆಂಬರಿನ ಶಿರಸಿಯಲ್ಲಿ, 22 ಡಿಗ್ರಿಯ ಕೋಣೆಯಲ್ಲಿ, ಚಿಪ್ 67ಕ್ಕೆ ನಿಲ್ಲುತ್ತದೆ. ಅದೇ ಪೆಟ್ಟಿಗೆ ಏಪ್ರಿಲ್ ಸೆಕೆಯ ಕಾರವಾರಕ್ಕೆ ಇಳಿದರೆ 34ಕ್ಕೆ 45 ಸೇರಿ 79, ವೇಗ ಇಳಿಯಲು ಇನ್ನೊಂದೇ ಡಿಗ್ರಿ ಬಾಕಿ. ಘಟ್ಟದ ಮೇಲಿನ ಗೆಳೆಯ ಹೊಗಳಿದ ಹೀಟ್‌ಸಿಂಕ್ ಕರಾವಳಿಯಲ್ಲಿ ಕೈಕೊಡುವುದು ಹೀಗೆ.

ಹಾಗಾದರೆ ಫ್ಯಾನ್ ಹಾಕಿದರಾಯಿತಲ್ಲ? ನಾನೂ ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಮನೆ ಸಮುದ್ರದಿಂದ ಕೂಗಳತೆಯ ದೂರ. ಎರಡನೆಯ ಮಳೆಗಾಲಕ್ಕೆ ಫ್ಯಾನ್ ಕೀರಲು ದನಿ ಹಿಡಿಯಿತು; ಬಿಚ್ಚಿ ನೋಡಿದರೆ ಬೋರ್ಡಿನ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಸಿಟ್ಟಿಗೆ ಇಡೀ ಬೋರ್ಡನ್ನು ಗಾಳಿಯಾಡದ ಹಪ್ಪಳದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಸಮೇತ ಇಟ್ಟೆ. ಉಪ್ಪು ಒಳಬರಲಿಲ್ಲ, ಶಾಖ ಹೊರಹೋಗಲಿಲ್ಲ. ಹತ್ತೇ ನಿಮಿಷಕ್ಕೆ 80 ದಾಟಿತು.

ಕಿಲುಬಿನ ಕಾರಣ ಅಡುಗೆಮನೆಯಲ್ಲೇ ಇದೆ. ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದೇ. ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಈಗ ಅದರಲ್ಲಿದೆ ಎಂಬ ಲೆಕ್ಕ) ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತೇವ ಹೀರಿ ಕರಗತೊಡಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಬೇಸಿಗೆಗಷ್ಟೇ ಉಪ್ಪು ಬೆಳೆಯುವುದರ ಹಿಂದೆಯೂ ಇದೇ ತೇವದ ಲೆಕ್ಕವಿದೆ. ಫ್ಯಾನ್ ಎಳೆದುಕೊಂಡ ಗಾಳಿಯೊಡನೆ ಬಂದ ಉಪ್ಪಿನ ಕಣಗಳು ಬೋರ್ಡಿನ ಮೇಲೆ ಕೂರುತ್ತವೆ. ಮಳೆಗಾಲದಲ್ಲಿ ಕರಗಿ ವಿದ್ಯುತ್ ಹರಿಯಬಲ್ಲ ತೆಳು ಪೊರೆಯಾಗುತ್ತವೆ, ತಾಮ್ರವನ್ನು ತಿನ್ನುತ್ತವೆ.

ಈ ಭಾಗವನ್ನು ಎರಡು ಸಲ ಓದಿ, ನನಗೂ ತಡವಾಗಿ ಹೊಳೆದದ್ದು. ಕೋಣೆಯಲ್ಲಿ 30 ಡಿಗ್ರಿ, ಆರ್ದ್ರತೆ ಶೇ. 90 ಇರಲಿ. ಅದೇ ಗಾಳಿ 40 ಡಿಗ್ರಿಯ ಲೋಹವನ್ನು ಮುಟ್ಟಿದಾಗ, ತೇವಾಂಶ ಅಷ್ಟೇ ಇದ್ದರೂ, ಆರ್ದ್ರತೆ ಸುಮಾರು ಶೇ. 52ಕ್ಕೆ ಇಳಿಯುತ್ತದೆ, ಏಕೆಂದರೆ ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಅಂದರೆ ಬೆಚ್ಚಗಿರುವ ಬೋರ್ಡಿನ ಮೇಲೆ ಉಪ್ಪು ಅಷ್ಟು ಸುಲಭವಾಗಿ ಕರಗುವುದಿಲ್ಲ. ಫ್ಯಾನನ್ನು ಭರದಿಂದ ಓಡಿಸಿ ಚಿಪ್ಪನ್ನು 45ಕ್ಕೆ ಇಳಿಸಿದೆನೆಂದು ಹಿಗ್ಗುವವರು ಸುತ್ತಲಿನ ಬೋರ್ಡನ್ನು ಕೋಣೆಯ ತೇವಕ್ಕೆ ಹತ್ತಿರ ತಂದಿರುತ್ತಾರೆ, ಜೊತೆಗೆ ಉಪ್ಪನ್ನೂ ಆಹ್ವಾನಿಸಿರುತ್ತಾರೆ. ಕರಾವಳಿಯಲ್ಲಿ ಗುರಿ ತಂಪಲ್ಲ, 80ರ ಕೆಳಗೆ ಹಾಯಾಗಿ ನಿಲ್ಲುವುದು. 65 ಇದ್ದರೆ ನನಗೆ ನೆಮ್ಮದಿ.

ಈಗ ನನ್ನ ಬೋರ್ಡು ಫ್ಯಾನಿಲ್ಲದ ದಪ್ಪ ಅಲ್ಯುಮಿನಿಯಂ ಕವಚದಲ್ಲಿದೆ. ಕವಚದ ಒಳಗಿನ ಗಟ್ಟಿ ಕಂಬವೊಂದು ಥರ್ಮಲ್ ಪ್ಯಾಡ್ ಎಂಬ, ಶಾಖ ದಾಟಿಸುವ ಮೆತ್ತನೆಯ ತುಂಡಿನ ಮೂಲಕ ಚಿಪ್ಪಿಗೆ ಒತ್ತಿಕೊಂಡು ಇಡೀ ಪೆಟ್ಟಿಗೆಯನ್ನೇ ಹೀಟ್‌ಸಿಂಕ್ ಮಾಡುತ್ತದೆ. ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ (ಒಂದು ಬದಿ ಮರೆತು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ). ಕವಚದ ರೆಕ್ಕೆಗಳು ಮೇಲ್ಮುಖವಾಗುವಂತೆ ಪೆಟ್ಟಿಗೆಯನ್ನು ನಿಲ್ಲಿಸಿದರೆ ಬಿಸಿಗಾಳಿ ತಾನಾಗಿ ಏರುತ್ತದೆ. ಲೋಹದಿಂದಾಗಿ ವೈಫೈ ಸ್ವಲ್ಪ ಕುಗ್ಗುತ್ತದೆ, ಆಟಕ್ಕೆ ಅದರಿಂದ ತೊಂದರೆಯಿಲ್ಲ. ಜೂನ್ ಬಂದರೆ ಆಟ ಮುಗಿದ ಮೇಲೂ ನಾನು ಅದನ್ನು ಆರಿಸುವುದಿಲ್ಲ. ಮನೆಯವರು ಅದರ ಬಳಿಯೇ ಬೆಂಕಿಪೊಟ್ಟಣ ಇಡಲು ಶುರು ಮಾಡಿದ್ದಾರೆ.