'ನಾನು ಈ ಮಾತ್ರೆ ಕೊಡಲ್ಲ' ಅನ್ನುವ ಹಕ್ಕು ಎಲ್ಲಿಯವರೆಗೆ?

ತರಬೇತಿ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ಫಾರ್ಮಸಿಸ್ಟ್ ಹುಡುಗ ಹತ್ತಿರ ಬಂದ. "ಮೇಡಂ, ಗರ್ಭಪಾತದ ಮಾತ್ರೆ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ. ಕೊಡಲ್ಲ ಅಂದ್ರೆ ತಪ್ಪಾಗುತ್ತಾ?" ಆಸ್ಪತ್ರೆಗಳಿಗೆ ಕಾನೂನು ಸಲಹೆ ಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಹೇಳುವ ಮೊದಲು ನಾನೇ ಕೇಳಿದೆ: "ಯಾವ ಮಾತ್ರೆ?"

ಅವನು ಹೇಳಿದ್ದು ಲೆವೊನಾರ್ಜೆಸ್ಟ್ರೆಲ್, ಅಂದರೆ ತುರ್ತು ಗರ್ಭನಿರೋಧಕ ಮಾತ್ರೆ.

ಅದು ಗರ್ಭಪಾತದ ಮಾತ್ರೆಯೇ ಅಲ್ಲ. ಅಂಡಾಣು ಹೊರಬರುವುದನ್ನು ಅದು ಮುಂದೂಡುತ್ತದೆ, ಅಷ್ಟೇ. ಆಗಲೇ ನಿಂತಿರುವ ಗರ್ಭವನ್ನು ಅದು ತೆಗೆಯುವುದಿಲ್ಲ. ಅಸುರಕ್ಷಿತ ಸಂಭೋಗವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗರ್ಭಪಾತಕ್ಕೆ ಬಳಸುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ಇದರಲ್ಲೂ ಒಂದು ತೊಡಕಿದೆ. ಮಿಸೊಪ್ರೊಸ್ಟಾಲ್ ಮೊದಲು ಬಂದದ್ದು ಹೊಟ್ಟೆಯ ಹುಣ್ಣಿಗೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೂ ಅದನ್ನು ಕೊಡುತ್ತಾರೆ. ತಾನಾಗಿ ಗರ್ಭ ಇಳಿದು, ಒಳಗೆ ಸ್ವಲ್ಪ ಉಳಿದುಕೊಂಡಾಗಲೂ ಕೊಡುತ್ತಾರೆ. ಮಗು ಬೇಕೆಂದು ಕಾದು, ಕಳೆದುಕೊಂಡ ಹೆಂಗಸು ಅದೇ ಚೀಟಿ ಹಿಡಿದು ಬಂದಿರಬಹುದು. ಕೌಂಟರ್‌ನ ಈಚೆಗೆ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? ಹಾಗಂತ "ಯಾಕೆ ಬೇಕು ಇದು?" ಎಂದು ನಾಲ್ಕು ಜನರ ಎದುರು ಕೇಳುವುದು ಇನ್ನೂ ಕೆಟ್ಟದ್ದು.

ಇನ್ನು ಹಕ್ಕಿನ ವಿಷಯ. ಹಲವು ದೇಶಗಳ ಕಾನೂನು ಇದನ್ನು ಒಪ್ಪುತ್ತದೆ. ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಸೆಕ್ಷನ್ ಇದೆ: ಮನಸ್ಸಾಕ್ಷಿ ಒಪ್ಪದವರು ಗರ್ಭಪಾತದಲ್ಲಿ 'ಭಾಗವಹಿಸಬೇಕಾಗಿಲ್ಲ'. ಹೆಂಗಸಿನ ಜೀವ ಉಳಿಸಬೇಕಾದಾಗ, ಇಲ್ಲವೇ ಅವಳ ದೇಹಕ್ಕೋ ಮನಸ್ಸಿಗೋ ಶಾಶ್ವತವಾದ ಗಂಭೀರ ಹಾನಿ ತಪ್ಪಿಸಬೇಕಾದಾಗ ಮಾತ್ರ ಈ ರಿಯಾಯಿತಿ ಇಲ್ಲ. ಓದಿದರೆ ಸರಳವಾಗಿದೆ, ಅಲ್ವಾ? ಆದರೆ ಜಗಳವೆಲ್ಲ ಹುಟ್ಟಿದ್ದು 'ಭಾಗವಹಿಸುವುದು' ಎಂಬ ಆ ಒಂದು ಪದದಿಂದ.

ಅಲ್ಲಿ ಒಬ್ಬ ಸೆಕ್ರೆಟರಿ ಗರ್ಭಪಾತಕ್ಕೆ ಸಂಬಂಧಿಸಿದ ಪತ್ರ ಟೈಪ್ ಮಾಡಲು ಒಪ್ಪಲಿಲ್ಲ. ಕೇಸು ದೇಶದ ಅತಿ ಮೇಲಿನ ಕೋರ್ಟಿನವರೆಗೂ ಹೋಯಿತು. ಟೈಪ್ ಮಾಡುವುದು ಭಾಗವಹಿಸುವುದಲ್ಲ ಎಂದು 1988ರಲ್ಲಿ ತೀರ್ಪು ಬಂತು. 2014ರದ್ದು ಇನ್ನೂ ಕಷ್ಟದ ಕೇಸು. ಗ್ಲಾಸ್ಗೋದ ಇಬ್ಬರು ಹಿರಿಯ ಸೂಲಗಿತ್ತಿ ನರ್ಸ್‌ಗಳು ಹೆರಿಗೆ ವಾರ್ಡ್ ನೋಡಿಕೊಳ್ಳುತ್ತಿದ್ದರು. ನಾವು ಗರ್ಭಪಾತ ಮಾಡುವುದಿಲ್ಲ, ಮಾಡುವವರ ಮೇಲ್ವಿಚಾರಣೆಯನ್ನೂ ಮಾಡುವುದಿಲ್ಲ, ಅವರಿಗೆ ಡ್ಯೂಟಿಯನ್ನೂ ಹಂಚುವುದಿಲ್ಲ ಎಂದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಮ್ಮ ಸ್ವಂತ ಕೈಯಿಂದ ಮಾಡುವ ಕೆಲಸಕ್ಕೆ ಬೇಡ ಎನ್ನಬಹುದು, ವಾರ್ಡ್ ನಡೆಸುವ ಕೆಲಸಕ್ಕಲ್ಲ ಎಂದಿತು. ಇನ್ನೊಂದು ಮಾತನ್ನೂ ಸೇರಿಸಿತು: ಒಪ್ಪದವರು ರೋಗಿಯನ್ನು ಒಪ್ಪುವವರ ಹತ್ತಿರ ಕಳಿಸಬೇಕು.

ಆ ಇಬ್ಬರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತೀರ್ಪು ಸರಿ ಎಂದೇ ನನಗನ್ನಿಸುತ್ತದೆ. ಗೆರೆಯನ್ನು ದೂರ ದೂರ ಸರಿಸುತ್ತಾ ಹೋದರೆ ಟ್ರಾಲಿ ತಳ್ಳುವವರು, ಊಟ ಕೊಡುವವರು, ಬಿಲ್ ಬರೆಯುವವರು ಎಲ್ಲರೂ ಕೈ ಎತ್ತಬಹುದು. ಆಮೇಲೆ ಮಂಚದ ಮೇಲಿರುವವಳನ್ನು ನೋಡಿಕೊಳ್ಳುವುದು ಯಾರು?

ಒಬ್ಬೊಬ್ಬರ ಹಕ್ಕು ಕೂಡಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಇಟಲಿ ನೋಡಿ. ಅಲ್ಲಿನ 1978ರ ಕಾನೂನು ಎಚ್ಚರದಿಂದಲೇ ಬರೆದದ್ದು. ನಿರಾಕರಿಸುವವರು ಮೊದಲೇ ತಿಳಿಸಿರಬೇಕು. ಗರ್ಭಪಾತದ ಮುಂಚಿನ ಮತ್ತು ನಂತರದ ಆರೈಕೆಯಿಂದ ಬಿಡುಗಡೆ ಇಲ್ಲ. ಆದರೂ 2010ರ ದಶಕದಲ್ಲಿ 10 ಸ್ತ್ರೀರೋಗ ತಜ್ಞರಲ್ಲಿ ಸುಮಾರು 7 ಮಂದಿ ನಿರಾಕರಿಸಿದವರೇ ಆಗಿದ್ದರು. ಹೆಂಗಸರು ಊರಿಂದೂರಿಗೆ ಅಲೆಯಬೇಕಾಯಿತು. ಗರ್ಭಪಾತಕ್ಕೆ ವಾರಗಳ ಮಿತಿ ಇರುತ್ತದೆ. ಅಲೆದಾಟದಲ್ಲಿ ಕಳೆದ ವಾರ ಮತ್ತೆ ಸಿಗುವುದಿಲ್ಲ.

ಔಷಧ ಅಂಗಡಿಗೆ ಬಂದರೆ ಕೋರ್ಟುಗಳು ಇನ್ನೂ ಬಿಗಿ. ಫ್ರಾನ್ಸಿನ ಇಬ್ಬರು ಫಾರ್ಮಸಿಸ್ಟರು ವೈದ್ಯರ ಚೀಟಿ ಇದ್ದರೂ ಗರ್ಭನಿರೋಧಕ ಮಾತ್ರೆ ಕೊಡಲಿಲ್ಲ. 2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ಮಾತ್ರೆ ಔಷಧ ಅಂಗಡಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ, ಹಾಗಿರುವಾಗ ನಿಮ್ಮ ನಂಬಿಕೆಯನ್ನು ಗಿರಾಕಿಯ ಮೇಲೆ ಹೇರುವಂತಿಲ್ಲ ಎನ್ನುವುದು ಅದರ ವಾದ. ಸ್ವೀಡನ್ನಿನಲ್ಲಂತೂ ಈ ಹಕ್ಕೇ ಇಲ್ಲ. ಅದಕ್ಕೇ ನಾನು ಯಾರಿಗೂ ಸುಮ್ನೆ "ನಿಮಗೆ ಹಕ್ಕಿದೆ" ಎನ್ನುವುದಿಲ್ಲ. ನೀವು ಕೆಲಸ ಮಾಡುವ ಜಾಗದ ಕಾನೂನು ಮೊದಲು ನೋಡಿ ಎನ್ನುತ್ತೇನೆ.

ನನ್ನ ಅನುಭವದಲ್ಲಿ ಹೆಚ್ಚಿನ ಗಲಾಟೆ ಆಗುವುದು ನಿರಾಕರಣೆಯಿಂದಲ್ಲ, ತಡವಾಗಿ ಹೇಳುವುದರಿಂದ. ನಾರ್ವೆಯ ಒಬ್ಬ ವೈದ್ಯೆ ಗರ್ಭಕೋಶದೊಳಗೆ ಹಾಕುವ ಗರ್ಭನಿರೋಧಕ ಸಾಧನ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡರು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೆಲಸಕ್ಕೆ ಸೇರುವಾಗಲೇ ಅದನ್ನು ಹೇಳಿ ಒಪ್ಪಿಸಿಕೊಂಡಿದ್ದದ್ದು ಅವರ ಕೈ ಹಿಡಿಯಿತು. ಕೌಂಟರ್ ಎದುರು ಚೀಟಿ ಬಂದ ಮೇಲೆ ಮನಸ್ಸಾಕ್ಷಿ ಎಂದರೆ ಯಾರು ಕೇಳುತ್ತಾರೆ?

ಹುಡುಗನಿಗೆ ಇದನ್ನೇ ಹೇಳಿದೆ. ಮಾಲೀಕರಿಗೆ ಬರೆದು ಕೊಡು. ಗಿರಾಕಿ ಬಂದರೆ ಉಪದೇಶ ಬೇಡ, ಮುಖ ಸಿಂಡರಿಸುವುದೂ ಬೇಡ. ಚೀಟಿ ಇಟ್ಟುಕೊಳ್ಳಬೇಡ. "ನನ್ನ ಸಹೋದ್ಯೋಗಿ ಕೊಡ್ತಾರೆ, ಒಂದು ನಿಮಿಷ" ಅಂದರೆ ಸಾಕು.

"ರಾತ್ರಿ ಡ್ಯೂಟಿಯಲ್ಲಿ ನಾನೊಬ್ಬನೇ ಇದ್ದರೆ?"

"ಆ ಡ್ಯೂಟಿ ಒಪ್ಪಿಕೊಳ್ಳುವ ಮೊದಲು ಯೋಚನೆ ಮಾಡು" ಅಂದೆ.

ಒಂದು ತಿಂಗಳಾದ ಮೇಲೆ ಫೋನ್ ಬಂತು. ಮಾಲೀಕರ ಹತ್ತಿರ ಮಾತಾಡಿ ಒಂಟಿ ರಾತ್ರಿಗಳನ್ನು ಬಿಡಿಸಿಕೊಂಡನಂತೆ. ಲೆವೊನಾರ್ಜೆಸ್ಟ್ರೆಲ್ ಮಾತ್ರ ಈಗ ತಾನೇ ಕೊಡುತ್ತಾನಂತೆ.